ಹತ್ತೊಂಬತ್ತನೆಯ ಅಧ್ಯಾಯದ ಹನ್ನೊಂದು ತಪ್ಪುಗಳು

ರಕ್ತಪಿಶಾಚಿಗಳಿಗೆ ಕಾಗುಣಿತ ಬರುವುದಿಲ್ಲ ಎಂಬುದು ಕರಡಕ್ಕನಿಗೆ ನಾಲ್ಕು ವರ್ಷಗಳಿಂದ ಗೊತ್ತಿದ್ದ ಸಂಗತಿ. ಮುನ್ನೂರು ವರ್ಷ ಬದುಕಿರುತ್ತವೆ, ಏಳು ಭಾಷೆ ಕಲಿತಿರುತ್ತವೆ, ಬೆಳದಿಂಗಳಲ್ಲಿ ಪಿಯಾನೊ ನುಡಿಸುತ್ತವೆ, ಆದರೆ ಪ್ರೇಮಪತ್ರ ಬರೆಯಲು ಕೂತರೆ 'ಹೃದಯ'ವನ್ನು 'ಹ್ರುದಯ' ಮಾಡಿ ಕೈ ತೊಳೆದುಕೊಳ್ಳುತ್ತವೆ. ಅವುಗಳ ಹಿಂದೆ ಕೆಂಪು ಪೆನ್ನು ಹಿಡಿದು ಓಡಾಡುವುದು ಕರಡಕ್ಕನ ಕೆಲಸ. ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಕರಡು ತಿದ್ದುವ ಈ ಕೆಲಸವನ್ನು ಅವರು ಇಪ್ಪತ್ತಾರು ವರ್ಷ ಮಾಡಿದ್ದರು. ಅಷ್ಟು ವರ್ಷದಲ್ಲಿ ಅವರ ಹೆಸರು ಸವೆದುಹೋಗಿ ಕರಡಕ್ಕ ಎಂಬುದೊಂದೇ ಉಳಿದಿತ್ತು. ಸಂಬಳದ ದಿನ ಮಾತ್ರ ಅವರಿಗೆ ತಮ್ಮ ನಿಜವಾದ ಹೆಸರು ನೆನಪಾಗುತ್ತಿತ್ತು.

ಅವರ ಕಚೇರಿ ಒಂದು ಚಪ್ಪಲಿ ಅಂಗಡಿಯ ಮೇಲೆ, ಎರಡು ಕೋಣೆಗಳಲ್ಲಿ ಇತ್ತು. ಮುಂದಿನ ಕೋಣೆಯಲ್ಲಿ ಯಜಮಾನರು ಮತ್ತು ಫ್ಯಾನು, ಹಿಂದಿನದರಲ್ಲಿ ಕರಡಕ್ಕ, ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿಯಣ್ಣ, ಮತ್ತು ಮಾರಾಟವಾಗದೆ ವಾಪಸು ಬಂದ ಪುಸ್ತಕಗಳ ಗುಡ್ಡೆ. ಮೊದಲು ಅಲ್ಲಿ ಪರೀಕ್ಷೆಯ ಗೈಡುಗಳನ್ನು ಮಾತ್ರ ಮಾಡುತ್ತಿದ್ದರು. ಹದಿನೈದು ವರ್ಷದ ಮಕ್ಕಳು ರೇಖಾಗಣಿತದ ಮೇಲೆ ಕಣ್ಣು ಹಾಯಿಸದಿದ್ದರೂ ಕುತ್ತಿಗೆ ಕಚ್ಚುವ ಹುಡುಗನ ಮೇಲೆ ಕಣ್ಣಿಡುತ್ತಾರೆ ಎಂಬ ಜ್ಞಾನೋದಯ ಯಜಮಾನರಿಗೆ ಆದದ್ದೇ ತಡ, ಗೈಡುಗಳು ಮೂಲೆಗೆ ಸರಿದವು. ಸಾಹಿತ್ಯಸೇವೆ ಶುರುವಾಯಿತು.

ಸೇವೆ ಆರು ಸಂಪುಟಗಳಿಗೆ ಬಂದು ನಿಂತಿತ್ತು. ಬೆಟ್ಟದ ನೆತ್ತಿಯ ಮೇಲೆ ಕರಿಕಲ್ಲಿನ ವಸತಿಶಾಲೆ, ನಾಲ್ಕು ಗೋಪುರ, ವರ್ಷದಲ್ಲಿ ಹನ್ನೆರಡು ತಿಂಗಳೂ ಮಂಜು. ಅಲ್ಲಿಗೆ ಹೊಸದಾಗಿ ಸೇರಿದ ಅನಾಥ ನಾಯಕಿ. ಕೊನೆಯ ಬೆಂಚಿನಲ್ಲಿ ಬಿಳುಚಿಕೊಂಡು ಕೂತ ನಾಯಕ. ಅವನು ಅವಳನ್ನು ನೋಡುತ್ತಾನೆ, ಸಂಕಟಪಡುತ್ತಾನೆ, ಎದ್ದು ಹೋಗುತ್ತಾನೆ. ಮೊದಲ ಸಂಪುಟದ ಕಥೆ ಅಷ್ಟೇ, ಮುನ್ನೂರ ನಲವತ್ತು ಪುಟ. ಬರೆದವಳು ಹಲ್ಲಿನ ಡಾಕ್ಟರಿಕೆ ಓದುತ್ತಿದ್ದ ಇಪ್ಪತ್ತಮೂರರ ಹುಡುಗಿ. ಹಾಗಾಗಿ ಕಥೆಯಲ್ಲಿ ಸೂರ್ಯ ಎತ್ತ ಹುಟ್ಟುತ್ತಾನೆ, ಚಳಿಗಾಲ ಯಾವಾಗ ಬರುತ್ತದೆ ಎಂಬುದೆಲ್ಲ ದೇವರಿಗೇ ಪ್ರೀತಿ, ಆದರೆ ಕೋರೆಹಲ್ಲಿನ ವರ್ಣನೆಯಲ್ಲಿ ಒಂದೇ ಒಂದು ತಪ್ಪು ಹುಡುಕಲು ಯಾರಪ್ಪನಿಂದಲೂ ಸಾಧ್ಯವಿರಲಿಲ್ಲ.

ಕರಡಕ್ಕನಿಗೆ ಈ ಕಥೆಗಳ ಮೇಲೆ ಇದ್ದ ಸಿಟ್ಟು ಕಾಗುಣಿತದ್ದಲ್ಲ. ಅವರೇ ಹನ್ನೆರಡರಿಂದ ಹದಿನಾರನೆಯ ವಯಸ್ಸಿನವರೆಗೆ ಅಂಥದೇ ಕಲ್ಲುಕಟ್ಟಡದ ವಸತಿಶಾಲೆಯಲ್ಲಿ ಇದ್ದವರು. ಗೋಪುರವೂ ಇತ್ತು. ಅದರಲ್ಲಿ ಪಾರಿವಾಳಗಳಿದ್ದವು, ಅವು ಮಾಡುವ ಗಲೀಜು ಇತ್ತು, ಶಿಕ್ಷೆಯಾದವರು ಅದನ್ನು ಕೆರೆಯಬೇಕಿತ್ತು. ಆ ನಾಲ್ಕು ವರ್ಷದಲ್ಲಿ ನಡೆದ ಏಕೈಕ ನಿಗೂಢ ಘಟನೆಯೆಂದರೆ ಹನ್ನೆರಡು ಸೋಪುಗಳ ಕಳ್ಳತನ. ಅರವತ್ತು ಹುಡುಗಿಯರು ಒಂದೇ ಕೆಮ್ಮನ್ನು ಸರದಿಯ ಮೇಲೆ ಕೆಮ್ಮುವ, ತಲೆಗೆ ಹೇನಿನ ಎಣ್ಣೆ ಹಚ್ಚಿಕೊಂಡು ಸಾಲಾಗಿ ಕೂರುವ ಜಾಗದಲ್ಲಿ ಯಾವ ಪಿಶಾಚಿಗೆ ಯಾರ ಕುತ್ತಿಗೆಯ ಮೇಲೆ ಮನಸ್ಸಾದೀತು ಎಂದು ಅವರು ಕೇಳುತ್ತಿದ್ದರು. ಡಿಟಿಪಿಯಣ್ಣ ಇದಕ್ಕೆ ಉತ್ತರ ಕೊಡುತ್ತಿರಲಿಲ್ಲ. ಅವನಿಗೆ ಬೆನ್ನುನೋವಿತ್ತು.

ಕರಡಕ್ಕನ ಟೇಬಲ್ಲಿನಲ್ಲಿ ಎರಡೇ ಕಾನೂನು. ಕೆಂಪು ಶಾಯಿಯಲ್ಲಿ ಬರೆದದ್ದು ಆಜ್ಞೆ, ಅದನ್ನು ಇದ್ದ ಹಾಗೆ ಪುಟಕ್ಕೆ ಸೇರಿಸಬೇಕು. ಪೆನ್ಸಿಲಿನಲ್ಲಿ ಬರೆದದ್ದು ಲೇಖಕರಿಗೆ ಕೇಳಿದ ಪ್ರಶ್ನೆ, ಅದನ್ನು ಮುಟ್ಟಬಾರದು. ಡಿಟಿಪಿಯಣ್ಣ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ, ಅಕ್ಕ ಕೆಂಪಿನಲ್ಲಿ ತಿದ್ದಿದ್ದು ತಪ್ಪಿರಬಹುದು ಎಂದುಕೊಂಡು ತಾನೇ ಬದಲಾಯಿಸಿದ್ದ. ಅವತ್ತು ಅವರು ಅವನ ಬೆವರಿಳಿಸಿದ್ದರು.

"ಕೆಂಪಲ್ಲಿ ಏನಿದ್ಯೋ ಅದನ್ನ ಹಾಗೇ ಹಾಕು. ನೀನು ಬುದ್ಧಿ ಓಡಿಸ್ಬೇಡ. ಬುದ್ಧಿ ಓಡಿಸೋಕೆ ನಾನಿದೀನಿ."

ಅವನು ಅಂದಿನಿಂದ ಬುದ್ಧಿಯನ್ನು ಮನೆಯಲ್ಲೇ ಬಿಟ್ಟುಬರುತ್ತಿದ್ದ. ಒಂಬತ್ತು ವರ್ಷ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಆರನೆಯ ಸಂಪುಟದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ನಾಯಕನ ದಾಯಾದಿ ಪಿಶಾಚಿಯೊಬ್ಬ ಕಿಟಕಿಯಿಂದ ಬಂದು ನಾಯಕಿಯ ಪಕ್ಕದ ಮಂಚದಲ್ಲಿ ಮಲಗಿದ್ದ ಹುಡುಗಿಯನ್ನು ಕಚ್ಚಿ ಹೊತ್ತೊಯ್ಯುತ್ತಾನೆ. ಒಂದೂವರೆ ಸಾಲು. ಮುಂದಿನ ಸಾಲಿನಲ್ಲಿ ನಾಯಕಿ ಗೋಪುರ ಹತ್ತಿ ನಾಯಕನ ಕೆನ್ನೆಯ ಮೂಳೆಯ ಮೇಲೆ ಬಿದ್ದ ಬೆಳದಿಂಗಳನ್ನು ನೋಡುತ್ತ ನಿಲ್ಲುತ್ತಾಳೆ. ಅದು ನಾಲ್ಕು ಪುಟ. ಪಕ್ಕದ ಮಂಚದವಳ ಸುದ್ದಿ ಮತ್ತೆ ಇಲ್ಲ. ಯಾರೂ ಹುಡುಕುವುದಿಲ್ಲ, ಯಾರೂ ಅಳುವುದಿಲ್ಲ, ಹಾಜರಿ ಕರೆಯುವಾಗ ಕೂಡ ಒಬ್ಬರೂ ತಲೆಯೆತ್ತುವುದಿಲ್ಲ. ಕರಡಕ್ಕ ಅದನ್ನು ಎರಡು ಸಲ ಓದಿದರು. ಕಿವಿ ಬಿಸಿಯಾಯಿತು. ಪೆನ್ಸಿಲು ಎಲ್ಲಿತ್ತೋ ಏನೋ, ಕೈಯಲ್ಲಿ ಇದ್ದದ್ದು ಕೆಂಪು ಪೆನ್ನು. ಅಧ್ಯಾಯದ ಮೊದಲಿಗೇ ವಾಪಸು ಹೋಗಿ ಅಂಚಿನಲ್ಲಿ ಬರೆಯುತ್ತ ಬಂದರು, ಹನ್ನೊಂದು ಕಡೆ. ಸಿಟ್ಟು ಇಳಿದ ಮೇಲೆ ಹಾಳೆಗಳನ್ನು ಡಿಟಿಪಿಯಣ್ಣನ ಟೇಬಲ್ಲಿಗೆ ತಳ್ಳಿ ಮನೆಗೆ ಹೋದರು.

ಸಾಮಾನ್ಯವಾಗಿ ಎರಡನೆಯ ಕರಡು ಅವರ ಕೈಗೆ ಬರಬೇಕಿತ್ತು. ಈ ಸಲ ಶಾಲೆಗಳಿಗೆ ರಜೆ ಬೀಳುವ ಮುಂಚೆ ಪುಸ್ತಕ ಅಂಗಡಿಯಲ್ಲಿರಬೇಕೆಂದು ಯಜಮಾನರು ಅದನ್ನು ನೇರವಾಗಿ ಅಚ್ಚಿಗೆ ಕಳಿಸಿದ್ದರು. "ನೀವು ಒಂದ್ಸಲ ನೋಡಿದ್ಮೇಲೆ ಇನ್ನೇನಿರುತ್ತೆ ಅಕ್ಕ" ಎಂದು ಅವರು ಹೇಳಿದಾಗ ಕರಡಕ್ಕ ಉಬ್ಬಿಹೋಗಿದ್ದರು ಎಂಬುದನ್ನೂ ಇಲ್ಲಿ ಮುಚ್ಚಿಡಬಾರದು.

ತಪ್ಪು ಗೊತ್ತಾದದ್ದು ಮನೆಯಲ್ಲಿ, ಬೆಳಗಿನ ಚಹಾದ ಹೊತ್ತಿಗೆ. ಕರಡಕ್ಕ ಮದುವೆಯಾಗಿರಲಿಲ್ಲ. ತಂಗಿ ಮತ್ತು ತಂಗಿಯ ಮಗಳ ಜತೆ ಇದ್ದರು. ತಂಗಿ ದವಾಖಾನೆಯಲ್ಲಿ ನರ್ಸು, ಬೆಳಿಗ್ಗೆ ಆರಕ್ಕೇ ಹೊರಡುವವಳು. ಮಗಳಿಗೆ ಹದಿನಾರು, ಬೇರೆ ಏನನ್ನೂ ಓದದೆ ಈ ಸಂಪುಟಗಳನ್ನು ಮಾತ್ರ ಉರು ಹೊಡೆಯುವವಳು. ನಾಯಕನಿಗೆ ಒಳ್ಳೆಯ ಹುಡುಗಿ ಸಿಗಬೇಕಿತ್ತು, ಆ ನಾಯಕಿ ಅವನಿಗೆ ತಕ್ಕವಳಲ್ಲ ಎಂಬ ಅಭಿಪ್ರಾಯ ಅವಳದು. ತಕ್ಕವಳು ಯಾರು ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

"ದೊಡ್ಡಮ್ಮ, ಈ ಸಲ ರೈಟರ್ ತುಂಬಾ ಇಂಪ್ರೂವ್ ಆಗಿದಾರೆ. ಜೋಕೆಲ್ಲ ಮಾಡಿದಾರೆ," ಎಂದಳು ಹುಡುಗಿ, ಪುಸ್ತಕದಿಂದ ಕಣ್ಣೆತ್ತದೆ.

"ಜೋಕಾ? ಅವಳಾ?"

"ಕೇಳಿ. 'ಅವನು ಅವಳ ಮುಖವನ್ನು ತನ್ನ ಹಿಮದಂಥ ಅಂಗೈಗಳಲ್ಲಿ ಹಿಡಿದುಕೊಂಡ. ಇವನ ಕೈ ತಣ್ಣಗಿದೆ ಎಂದು ಹೇಳುತ್ತಿರುವುದು ಇದು ಹದಿನಾಲ್ಕನೆಯ ಸಲ, ಯಾರಾದರೂ ಒಂದು ಕೈಗವಸು ಕೊಡಿಸಬಾರದೇ? ಅವಳ ಕಣ್ಣುಗಳು ತುಂಬಿ ಬಂದವು.'"

ಕರಡಕ್ಕ ಚಹಾದ ಲೋಟ ಕೆಳಗಿಟ್ಟು ಪುಸ್ತಕ ಕಿತ್ತುಕೊಂಡರು. ಅಂಚಿನಲ್ಲಿ ತಾವು ಗೀಚಿದ್ದೆಲ್ಲವೂ ಅಲ್ಲಿತ್ತು, ಅಚ್ಚುಕಟ್ಟಾಗಿ, ಒಂದಕ್ಷರವೂ ತಪ್ಪಿಲ್ಲದೆ. ನಾಯಕಿ ರಾತ್ರಿ ಗ್ರಂಥಾಲಯದ ಬಾಗಿಲು ತೆರೆಯುವಲ್ಲಿ, 'ಬೀಗದ ಕೈ ವಾರ್ಡನ್ನರ ಸೊಂಟದಲ್ಲಿರುತ್ತದೆ, ಇವಳಿಗೆ ಹೇಗೆ ಸಿಕ್ಕಿತು?' ನಾಯಕ ತನ್ನ ವಯಸ್ಸು ಹೇಳಿ ನಿಟ್ಟುಸಿರಿಡುವಲ್ಲಿ, 'ಮುನ್ನೂರು ವರ್ಷದ ಗಂಡಸಿಗೆ ಹತ್ತನೆಯ ತರಗತಿಯಲ್ಲಿ ಏನು ಕೆಲಸ? ಇನ್ನೂ ಪಾಸಾಗಿಲ್ಲವೇ?' ಮತ್ತು ಆ ಒಂದೂವರೆ ಸಾಲಿನ ಮಗ್ಗುಲಲ್ಲಿ, ಹನ್ನೊಂದನೆಯದು: 'ಈ ಹುಡುಗಿ ಎಲ್ಲಿ ಹೋದಳೆಂದು ಯಾರೂ ಕೇಳುವುದಿಲ್ಲವೇ? ಅವಳ ಮಂಚ ಯಾರಿಗೆ ಕೊಟ್ಟಿರಿ?'

"ಈ ಕೊನೇದು ಮಾತ್ರ ಅರ್ಥ ಆಗ್ಲಿಲ್ಲ," ಎಂದಳು ಹುಡುಗಿ. "ಅವಳು ಹೋದ್ರೆ ಏನೀಗ? ಸೈಡ್ ಕ್ಯಾರೆಕ್ಟರ್ ಅಲ್ವಾ."

ಕರಡಕ್ಕ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಕಚೇರಿಯಲ್ಲಿ ಡಿಟಿಪಿಯಣ್ಣ ಶಾಂತಮೂರ್ತಿಯಾಗಿ ಕೂತಿದ್ದ. "ಕೆಂಪಲ್ಲಿ ಇತ್ತಕ್ಕ, ಹಾಕ್ದೆ. ನೀವೇ ತಾನೇ ಬುದ್ಧಿ ಓಡಿಸ್ಬೇಡ ಅಂದಿದ್ದು. ನಾನು ಓಡಿಸ್ಲಿಲ್ಲ." ಅವನ ಮುಖದಲ್ಲಿ ಒಂಬತ್ತು ವರ್ಷದ ತೃಪ್ತಿ ಕಾಣುತ್ತಿತ್ತು. ಅವನು ಹೇಳಿದ್ದು ನಿಜವೂ ಆಗಿತ್ತು.

ಅಂಗಡಿಗಳಿಗೆ ಹೋಗಿದ್ದ ಮೂರು ಸಾವಿರ ಪ್ರತಿಗಳ ಬಗ್ಗೆ ಓದುಗರಿಂದ ಒಂದೇ ಒಂದು ದೂರು ಬಂದಿರಲಿಲ್ಲ. ಒಬ್ಬಳು ಮಾತ್ರ ಯಜಮಾನರ ಫೋನಿಗೆ, ನಡುನಡುವೆ ಗೊಣಗುವ ಆ ವಾರ್ಡನ್ ಪಾತ್ರ ಸೂಪರ್, ಮುಂದಿನ ಸಂಪುಟದಲ್ಲಿ ಅವರಿಗೂ ಒಬ್ಬ ವ್ಯಾಂಪೈರ್ ಸಿಗಲಿ ಎಂದು ಸಂದೇಶ ಕಳಿಸಿದ್ದಳು. ಆದರೆ ಲೇಖಕಿಗೆ ಒಬ್ಬ ತಾಯಿ ಇದ್ದಳು. ಮಗಳ ಪುಸ್ತಕವನ್ನು ಕನ್ನಡಕ ಹಾಕಿಕೊಂಡು ಓದುವ ಜಗತ್ತಿನ ಏಕೈಕ ವ್ಯಕ್ತಿ ಆಕೆ. ಆಕೆ ಫೋನು ಮಾಡಿ, ಏಳನೆಯ ಸಂಪುಟವನ್ನು ಬೇರೆ ಪ್ರಕಾಶಕರಿಗೆ ಕೊಡುತ್ತೇವೆ ಎಂದುಬಿಟ್ಟಳು. ಯಜಮಾನರು ಫೋನಿನಲ್ಲೇ ಸೊಂಟ ಬಗ್ಗಿಸಿ ಕ್ಷಮೆ ಕೇಳಿ, ಉಳಿದ ಎಲ್ಲ ಪ್ರತಿಗಳಲ್ಲೂ ತಪ್ಪು-ಒಪ್ಪು ಪಟ್ಟಿ ಅಂಟಿಸುವುದಾಗಿ ಹೇಳಿ ಒಪ್ಪಿಸಿದರು. ಶುಕ್ರವಾರ ಲೇಖಕಿಯೇ ಬಂದು ಪಟ್ಟಿ ನೋಡುವುದೆಂದು ನಿಗದಿಯಾಯಿತು.

"ಹನ್ನೊಂದು ತಪ್ಪು, ಹನ್ನೊಂದೂ ಪಟ್ಟೀಲಿ ಇರ್ಬೇಕು," ಎಂದರು ಯಜಮಾನರು. "ಕೆಳಗೆ ಕರಡು ತಿದ್ದಿದವರ ಸಹಿ. ಅಷ್ಟು ಮಾಡಿದ್ರೆ ನಿಮ್ಮ ಕೆಲಸಕ್ಕೆ ನಾನು ಹೊಣೆ. ಇಲ್ಲಾಂದ್ರೆ ಸೋಮವಾರದಿಂದ ನೀವು ಬರೋದು ಬೇಡ ಅಕ್ಕ. ನಂಗೂ ಬೇಜಾರೇ."

ಅವರಿಗೆ ಬೇಜಾರಾಗಿದ್ದುದು ನಿಜ. ಇನ್ನೊಬ್ಬರು ಈ ಸಂಬಳಕ್ಕೆ ಸಿಗುತ್ತಿರಲಿಲ್ಲ.

ಕರಡಕ್ಕನ ಪಾಲಿಗೆ ಆ ಕೆಲಸವೇ ಎಲ್ಲ. ಐವತ್ತೈದು ದಾಟಿದ ಹೆಂಗಸನ್ನು, ಅದೂ ಮೂರು ಸಾವಿರ ಪ್ರತಿಗಳಲ್ಲಿ ತಲೆಹರಟೆ ಮಾಡಿದವಳನ್ನು, ಬೇರೆ ಯಾರೂ ಕರೆಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಮನೆಯಲ್ಲಿ ಕೂತರೆ ತಂಗಿಯ ಕಿರಾಣಿ ಚೀಟಿಯನ್ನು ತಿದ್ದಿಕೊಂಡಿರಬೇಕು. ಹಾಗಾಗಿ ಗುರುವಾರ ಬೆಳಿಗ್ಗೆ ಹಾಳೆಗೆ ಅಡ್ಡಗೆರೆ ಎಳೆದು ಬರೆಯಲು ಕೂತರು. ಪುಟ, ಸಾಲು, ತಪ್ಪು, ಒಪ್ಪು. ಕೈಗವಸು ತಪ್ಪು. ಬೀಗದ ಕೈ ತಪ್ಪು. ಹತ್ತನೆಯ ತರಗತಿ ತಪ್ಪು. ಹತ್ತೂ ಅರ್ಧ ಗಂಟೆಯಲ್ಲಿ ಮುಗಿದವು, ಮಾನ ಹೋಯಿತು ಎಂದು ಕೂಡ ಅನಿಸಲಿಲ್ಲ.

ಹನ್ನೊಂದನೆಯದಕ್ಕೆ ಪುಟದ ಸಂಖ್ಯೆ ಬರೆದರು, ಸಾಲಿನ ಸಂಖ್ಯೆ ಬರೆದರು. 'ತಪ್ಪು' ಎಂಬ ಮನೆಯಲ್ಲಿ ಆ ಪ್ರಶ್ನೆಯನ್ನು ಇಳಿಸಲು ಕೈ ಏಳಲಿಲ್ಲ. ಊಟದ ಹೊತ್ತಿಗೂ ಏಳಲಿಲ್ಲ.

ಅವರ ವಸತಿಶಾಲೆಯಲ್ಲಿ ಪಕ್ಕದ ಮಂಚದವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಸಣ್ಣ ಜೀವ, ಸದಾ ನೆಗಡಿ, ಬೇಯಿಸಿದ ಎಲೆಕೋಸು ಮುಟ್ಟುತ್ತಿರಲಿಲ್ಲ, ಅದನ್ನು ಕರಡಕ್ಕನ ತಟ್ಟೆಗೆ ದಾಟಿಸುತ್ತಿದ್ದಳು. ಒಂದು ಮಂಗಳವಾರ ಅವಳಿಗೆ ಜೋರು ಜ್ವರ ಬಂತು. ಎಲ್ಲರೂ ತರಗತಿಯಲ್ಲಿದ್ದಾಗ ಶಾಲೆಯ ವ್ಯಾನಿನಲ್ಲಿ ಎತ್ತಿ ಕರೆದುಕೊಂಡು ಹೋದರು. ಬುಧವಾರ ಹಾಸಿಗೆ ಬಿಸಿಲಿಗೆ ಹಾಕಿದರು. ಗುರುವಾರ ಹಾಜರಿ ಪುಸ್ತಕದಲ್ಲಿ ಒಂದು ಗೆರೆ ಬಿತ್ತು. ಯಾವ ಗೋಪುರದಿಂದಲೂ ಗಂಟೆ ಬಾರಿಸಲಿಲ್ಲ, ಮಂಜು ಕವಿಯಲಿಲ್ಲ, ಅವತ್ತು ಭೂಗೋಳದ ಕಿರುಪರೀಕ್ಷೆ ಇತ್ತು. ಅವಳು ಬದುಕಿದಳೋ ಇಲ್ಲವೋ ಕರಡಕ್ಕನಿಗೆ ಇವತ್ತಿಗೂ ಗೊತ್ತಿಲ್ಲ.

ಶುಕ್ರವಾರ ಮೂರು ಗಂಟೆಗೆ ಲೇಖಕಿ ಬಂದಳು. ಭುಜಕ್ಕೆ ಕಾಲೇಜಿನ ಚೀಲ, ಬೆರಳಿನಲ್ಲಿ ಹಲ್ಲಿನ ಅಚ್ಚು ತೆಗೆಯುವ ಗಾರೆಯ ಕಲೆ. ಕರಡಕ್ಕ ಅವಳನ್ನು ನೋಡುತ್ತಿದ್ದುದು ಅದೇ ಮೊದಲು. ಇಷ್ಟು ರಕ್ತ ಹರಿಸಿದ ಹೆಣ್ಣು ಇಷ್ಟು ನಿದ್ದೆಗೆಟ್ಟು, ಇಷ್ಟು ಸಾಧುವಾಗಿ ಇರಬಹುದೆಂದು ಅವರು ಎಣಿಸಿರಲಿಲ್ಲ. ಯಜಮಾನರು ಚಹಾ ತರಿಸಿ, ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದಿಟ್ಟರು.

ಲೇಖಕಿ ಬೆರಳಿಟ್ಟು ಎಣಿಸಿದಳು. "ಹತ್ತೇ ಇದೆ. ಅಮ್ಮ ಹನ್ನೊಂದು ಅಂದಿದ್ರು."

ಯಜಮಾನರು ಪಟ್ಟಿ ಕಿತ್ತುಕೊಂಡು ನೋಡಿದರು. ಕಿವಿ ಕೆಂಪಾಯಿತು. "ಅಕ್ಕ, ಒಂದು ಬಿಟ್ಟುಹೋಗಿದೆ. ಬೇಗ ಸೇರಿಸಿ ಕೊಡಿ."

"ಬಿಟ್ಟುಹೋಗಿಲ್ಲ," ಎಂದರು ಕರಡಕ್ಕ. "ನಾನೇ ಬಿಟ್ಟಿದ್ದು. ಅದು ತಪ್ಪಲ್ಲ. ತಪ್ಪು ಅಂತ ಬರೆದು ನಾನು ಸಹಿ ಹಾಕಲ್ಲ."

"ಸೋಮವಾರದ ಮಾತು ನೆನಪಿದೆ ತಾನೇ?"

"ಇದೆ. ಸಾಮಾನು ಕಟ್ಟಿಟ್ಟೇ ಬಂದಿದೀನಿ. ಜಾಸ್ತಿ ಏನಿರ್ಲಿಲ್ಲ."

ಯಜಮಾನರು ಬಾಯಿ ತೆರೆದರು. ಲೇಖಕಿ ಕೈ ಅಡ್ಡ ಹಿಡಿದಳು. ಚೀಲದಿಂದ ಪುಸ್ತಕ ತೆಗೆದು, ಹತ್ತೊಂಬತ್ತನೆಯ ಅಧ್ಯಾಯ ಬಿಡಿಸಿ, ಹನ್ನೊಂದನೆಯದನ್ನು ಓದಿದಳು. ಆಮೇಲೆ ಹಿಂದಿನ ಪುಟ, ಮುಂದಿನ ಪುಟ ತಿರುವಿದಳು.

"ನಿಜವಾಗ್ಲೂ ಯಾರೂ ಕೇಳಲ್ಲ ಅಲ್ವಾ," ಎಂದಳು. "ನಾನೂ ಮರ್ತುಬಿಟ್ಟಿದ್ದೆ. ಗೋಪುರದ ಸೀನಿಗೆ ರೂಮು ಖಾಲಿ ಬೇಕಿತ್ತು, ಅದಕ್ಕೆ ಅವಳನ್ನ ಎತ್ತಿಸಿಬಿಟ್ಟೆ." ಪುಸ್ತಕ ಮಡಚಿ ಕೇಳಿದಳು, "ಮಂಚ ಯಾರಿಗೆ ಕೊಟ್ರಿ ಅಂತ ಯಾಕೆ ಬರೆದ್ರಿ ಮೇಡಂ? ಅದು ಯಾರಿಗೂ ಹೊಳೆಯೋ ಮಾತಲ್ಲ."

ಕರಡಕ್ಕ ಈ ಪ್ರಶ್ನೆಗೆ ನಲವತ್ತು ವರ್ಷದಿಂದ ತಯಾರಿ ನಡೆಸಿದ್ದರು ಎನ್ನಬೇಕು.

"ನಮ್ಮ ಹಾಸ್ಟೆಲಲ್ಲಿ ಒಬ್ಬಳಿದ್ದಳು. ಗುಬ್ಬಿ ಅಂತಿದ್ವಿ. ಜ್ವರ ಬಂದು ಕರ್ಕೊಂಡು ಹೋದ್ರು, ಮತ್ತೆ ಬರ್ಲಿಲ್ಲ. ಅವಳ ಮಂಚ ಕಿಟಕಿ ಪಕ್ಕ ಇತ್ತು. ಗಾಳಿ ಚೆನ್ನಾಗಿ ಬರೋದು." ಅವರು ಯಜಮಾನರ ಕಡೆ ನೋಡಲಿಲ್ಲ. "ನಂಗೇ ಕೊಟ್ರು. ನಾನೇ ವಾರ್ಡನ್ ಹತ್ರ ಹೋಗಿ ಕೇಳಿ ಇಸ್ಕೊಂಡೆ. ಶುಕ್ರವಾರ ಬೆಳಿಗ್ಗೇನೆ ಹೋಗಿದ್ದೆ, ಬೇರೆ ಯಾರಾದ್ರೂ ಕೇಳ್ಬಿಡ್ತಾರೆ ಅಂತ. ಮಂಚ ಕೇಳ್ದೆ. ಅವಳು ಹೇಗಿದಾಳೆ ಅಂತ ಕೇಳ್ಲಿಲ್ಲ. ಎರಡು ವರ್ಷ ಅದರ ಮೇಲೆ ಮಲಗಿದೀನಿ, ಚೆನ್ನಾಗಿ ನಿದ್ದೆ ಬರ್ತಿತ್ತು."

ಯಜಮಾನರು ಚಹಾದ ಲೋಟದಲ್ಲಿ ಏನನ್ನೋ ಹುಡುಕತೊಡಗಿದರು. ಕರಡಕ್ಕನಿಗೆ ನಾಚಿಕೆಯಾಯಿತು, ಹೇಳಿದ್ದಕ್ಕಲ್ಲ, ಇಷ್ಟು ತಡವಾಗಿ ಹೇಳಿದ್ದಕ್ಕೆ.

"ಪಟ್ಟಿ ಹತ್ತೇ ಇರ್ಲಿ," ಎಂದಳು ಲೇಖಕಿ. "ಅಮ್ಮಂಗೆ ನಾನು ಹೇಳ್ತೀನಿ. ಅವರ ಕೆಲಸದ ವಿಷಯ ತೆಗೀಬೇಡಿ ಸರ್, ಏಳನೇದು ನಿಮಗೇ ಕೊಡ್ತೀನಿ."

ಯಜಮಾನರಿಗೆ ಅದೇ ಕ್ಷಣದಲ್ಲಿ ಸಾಹಿತ್ಯದ ಬಗ್ಗೆ ಅಪಾರ ಗೌರವ ಉಕ್ಕಿ ಬಂತು. ಅಕ್ಕನಂಥವರು ಲಕ್ಷಕ್ಕೊಬ್ಬರು ಎಂದು ತಾವು ಯಾವಾಗಲೂ ಹೇಳುತ್ತಿದ್ದುದಾಗಿ ತಿಳಿಸಿದರು.

ಲೇಖಕಿ ಅದನ್ನು ಕೇಳಿಸಿಕೊಳ್ಳಲಿಲ್ಲ. ಪೆನ್ನು ತೆಗೆದು ಕರಡಕ್ಕನ ಕಡೆ ಕುರ್ಚಿ ತಿರುಗಿಸಿದಳು. "ಏಳನೇದ್ರಲ್ಲಿ ಯಾರಾದ್ರೂ ಅವಳನ್ನ ಹುಡುಕ್ಕೊಂಡು ಹೋಗೋ ಹಾಗೆ ಬರೀತೀನಿ. ಅವಳಿಗೆ ಏನ್ ಹೆಸರಿಟ್ಟಿದ್ದೆ ನಾನು? ನಿಮಗೆ ಎಲ್ಲಾ ನೆನಪಿರುತ್ತಂತಲ್ಲ."

ಕರಡಕ್ಕನಿಗೆ ಎಲ್ಲ ನೆನಪಿತ್ತು. ಮೂವತ್ತೆಂಟು ಪಿಶಾಚಿಗಳ ಕಣ್ಣಿನ ಬಣ್ಣ, ಅವರವರು ಸತ್ತ ಇಸವಿ, ಯಾವ ಸಂಪುಟದಲ್ಲಿ ಯಾರ ಉಂಗುರ ಎಡಗೈಯಲ್ಲಿತ್ತು ಎಂಬುದೂ. "ನೀವು ಹೆಸರಿಟ್ಟಿಲ್ಲ," ಎಂದರು. "ಎರಡನೇದ್ರಲ್ಲಿ 'ಪಕ್ಕದ ಮಂಚದವಳು'. ಐದರಲ್ಲಿ 'ಸಹಪಾಠಿ'. ಆರರಲ್ಲಿ ಹೋಗ್ತಾಳೆ."

"ಹಾಗಾದ್ರೆ ನಿಮ್ಮವಳ ಹೆಸರೇ ಇಡ್ತೀನಿ. ಗುಬ್ಬಿ ಅಲ್ಲ, ಅವಳ ನಿಜವಾದ ಹೆಸರು. ಹೇಳಿ ಮೇಡಂ, ಬರ್ಕೋತೀನಿ."

ಕರಡಕ್ಕ ಹೇಳಲೆಂದು ಬಾಯಿ ತೆರೆದರು. ಮಂಚದ ಕಂಬಿಗೆ ಬಳಿದಿದ್ದ ಹಸಿರು ಬಣ್ಣ ನೆನಪಿಗೆ ಬಂತು. ಹಾಜರಿ ಪುಸ್ತಕದಲ್ಲಿ ಗೆರೆ ಬಿದ್ದ ಜಾಗ ಬಂತು, ಮೇಲಿನಿಂದ ಇಪ್ಪತ್ತಮೂರನೆಯ ಸಾಲು. ಗೆರೆಯ ಕೆಳಗಿದ್ದ ಅಕ್ಷರಗಳು ಬರಲಿಲ್ಲ. ಬಾಯಿ ಹಾಗೇ ತೆರೆದಿತ್ತು.

"ಒಂದು ನಿಮಿಷ," ಎಂದರು.

ಹಿಂದಿನ ಕೋಣೆಯ ತಮ್ಮ ಟೇಬಲ್ಲಿಗೆ ಹೋಗಿ ಕೂತರು, ಲೇಖಕಿ ಹಿಂದೆಯೇ ಬಂದಳು. ಗೊತ್ತಿದ್ದದ್ದು ಒಂದೇ ವಿದ್ಯೆ, ಆ ವಿದ್ಯೆಯಿಂದಲೇ ಹುಡುಕತೊಡಗಿದರು. 'ಅ' ಬರೆದರು, ಆ ಅಕ್ಷರದಿಂದ ಹುಡುಗಿಯರಿಗೆ ಇಡುವ ಹೆಸರುಗಳನ್ನೆಲ್ಲ ಒಂದೊಂದಾಗಿ ತುಟಿಯಲ್ಲಿ ಅಂದು ನೋಡಿದರು, ಯಾವುದೂ ಅಲ್ಲ. 'ಆ' ಬರೆದರು. ಡಿಟಿಪಿಯಣ್ಣ ಏನೂ ಕೇಳದೆ ಕಂಪ್ಯೂಟರು ಮುಚ್ಚಿ ಮನೆಗೆ ಹೋದ. ಕೆಳಗಿನ ಚಪ್ಪಲಿ ಅಂಗಡಿಯವನು ಶಟರು ಎಳೆದ. ಎಂಟೂವರೆಯ ಹೊತ್ತಿಗೆ ಕರಡಕ್ಕ 'ಳ'ಕ್ಕೆ ಬಂದು ತಲುಪಿದರು, ಮತ್ತೆ 'ಅ'ಕ್ಕೆ ಹೋದರು. ಎದುರಿನ ಕುರ್ಚಿಯಲ್ಲಿ ಲೇಖಕಿ ಪೆನ್ನಿನ ಮುಚ್ಚಳ ತೆಗೆದುಕೊಂಡು ಕೂತೇ ಇದ್ದಳು.